ನಾಲ್ಕು ಜನ ಹೊತ್ತು ತಂದ ಹಾಗೆ: ಧರ್ಮಕೇಂದ್ರದಲ್ಲಿ ಪಾಪಕ್ಷಮೆ ಮತ್ತು ಸ್ವಸ್ಥತೆಯ ಸಾಮೂಹಿಕ ಪ್ರಾರ್ಥನೆ ನಡೆಸುವ ಬಗೆ

ಒಂದು ಕಥೋಲಿಕ ಧರ್ಮಕೇಂದ್ರ, ಅಂದರೆ ಒಬ್ಬ ಫಾದರ್ ನೋಡಿಕೊಳ್ಳುವ ಚರ್ಚು ಮತ್ತು ಅದರ ಜನ. ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಒಂದು ಶುಕ್ರವಾರ. ಶಿಲುಬೆ ಹಾದಿ ಮುಗಿದಿದೆ. ಪಾಪನಿವೇದನೆ (ಮಾಡಿದ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದು) ಕೇಳಲು ಒಬ್ಬರೇ ಗುರುಗಳು ಕೂತಿದ್ದಾರೆ. ಎದುರಿಗೆ ಅರವತ್ತು ಜನರ ಸಾಲು. ಕೊನೆಯ ಬಸ್ಸು ಎಂಟೂವರೆಗೆ. ಎಂಟು ಗಂಟೆ ಹೊತ್ತಿಗೆ ಅರ್ಧ ಸಾಲು ಕರಗಿಹೋಗುತ್ತದೆ. ಉಳಿದವರಿಗೆ ಗುರುಗಳು ಒಂದೊಂದು ನಿಮಿಷ ಕೊಟ್ಟು, ಸುಸ್ತಾಗಿ ಏಳುತ್ತಾರೆ. ನಿಮ್ಮ ಧರ್ಮಕೇಂದ್ರದಲ್ಲೂ ಹೀಗೇ ನಡೀತಿದ್ದರೆ ಮುಂದೆ ಓದಿ.

ನಾನು ಗುರುವಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಆರಾಧನಾ ಸಮಿತಿಯಲ್ಲಿ ಕುರ್ಚಿ ಹಾಕುವವನು, ಮೈಕ್ ನೋಡಿಕೊಳ್ಳುವವನು, ಪಟ್ಟಿ ಬರೆಯುವವನು. ಹಾಗಾಗಿ ಇಲ್ಲಿ ಕುರ್ಚಿ, ಮೈಕುಗಳ ಮಾತೇ ಜಾಸ್ತಿ.

ಶುರು ಮಾಡುವ ಮುಂಚೆ ಮಾರ್ಕನ ಶುಭಸಂದೇಶದ 2ನೇ ಅಧ್ಯಾಯವನ್ನು ಸಮಿತಿಯವರೆಲ್ಲ ಕೂತು ಒಮ್ಮೆ ಓದಿಕೊಳ್ಳಿ. ಕಪೆರ್ನೌಮಿನ ಒಂದು ಮನೆ. ಯೇಸು ಒಳಗಿದ್ದಾರೆ, ಬಾಗಿಲ ಹತ್ತಿರ ಕಾಲಿಡಲೂ ಜಾಗವಿಲ್ಲ. ಪಾರ್ಶ್ವವಾಯು ಬಡಿದವನೊಬ್ಬನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಮಾಳಿಗೆ ಹತ್ತಿ, ಚಾವಣಿ ಬಿಚ್ಚಿ, ಹಾಸಿಗೆ ಸಮೇತ ಅವನನ್ನು ಒಳಗೆ ಇಳಿಬಿಡುತ್ತಾರೆ. ಯೇಸು ಆ ನಾಲ್ವರ ನಂಬಿಕೆ ನೋಡಿ ಮೊದಲು ಅವನ ಪಾಪ ಕ್ಷಮಿಸುತ್ತಾರೆ. ಎದ್ದು ನಡೆ ಅನ್ನುವುದು ಆಮೇಲೆ. ಕ್ಷಮೆಯೂ ಸ್ವಸ್ಥತೆಯೂ ಒಂದೇ ಕತೆಯಲ್ಲಿ ಬರುವುದು ಹೀಗೆ.

ನಮ್ಮ ಕಡೆ ‘ನಾಲ್ಕು ಜನ’ ಅಂದರೆ ಭಯ. ಪಾಪನಿವೇದನೆ ಸಾಲಿನಲ್ಲಿ ನಿಂತರೆ ನಾಲ್ಕು ಜನ ಏನಂದ್ಕೋತಾರೋ ಅಂತ ಒಂದು ಹೆದರಿಕೆ. ಗುರುಗಳು ರೋಗಿಗೆ ಹಚ್ಚುವ ತೈಲ ಹಿಡಿದು ಮನೆಗೆ ಬಂದರೆ, ಇನ್ನು ನಾಲ್ಕು ಜನ ಹೊರುವುದೊಂದೇ ಬಾಕಿ ಅಂತ ಇನ್ನೊಂದು ಹೆದರಿಕೆ. ಕಪೆರ್ನೌಮಿನ ನಾಲ್ವರಾದರೋ ಹೊತ್ತರು, ದಾರಿ ಮಾಡಿದರು, ಮೇಲೇ ನಿಂತರು. ಒಳಗಿನ ಮಾತಿಗೆ ಬಾಯಿ ಹಾಕಲಿಲ್ಲ. ಸಾಮೂಹಿಕ ಪ್ರಾರ್ಥನೆಯಲ್ಲಿ ನಮ್ಮ ಪಾಲಿನ ಕೆಲಸ ಅಷ್ಟೇ.

ಮೊದಲು ಇದನ್ನು ಬಗೆಹರಿಸಿಕೊಳ್ಳಿ: ಯಾವ ರೀತಿಯ ಆರಾಧನೆ?

ಎರಡನೇ ವ್ಯಾಟಿಕನ್ ಸಭೆಯ (ಲೋಕದ ಬಿಷಪರೆಲ್ಲ ಸೇರಿದ ಮಹಾಸಭೆಯ) ನಂತರ, 1973ರ ಡಿಸೆಂಬರ್ 2ರ ಆಜ್ಞೆಯ ಮೂಲಕ, ಹೊಸ ಪ್ರಾಯಶ್ಚಿತ್ತ ವಿಧಿ ಜಾರಿಗೆ ಬಂತು. ಅದರಲ್ಲಿ 3 ರೂಪಗಳಿವೆ. ಒಬ್ಬೊಬ್ಬರೇ ಹೋಗಿ ಪಾಪನಿವೇದನೆ ಮಾಡುವುದು ಮೊದಲನೆಯದು. ಎಲ್ಲರೂ ಸೇರಿ ವಾಚನ ಕೇಳಿ, ಪ್ರಾರ್ಥಿಸಿ, ನಡುವೆ ಒಬ್ಬೊಬ್ಬರಾಗಿ ಗುರುಗಳ ಬಳಿ ಹೋಗಿ ಪಾಪ ಹೇಳಿ ಕ್ಷಮೆ ಪಡೆಯುವುದು ಎರಡನೆಯದು. ಎಲ್ಲರಿಗೂ ಒಟ್ಟಿಗೆ ಪಾಪವಿಮೋಚನೆ ಕೊಡುವುದು ಮೂರನೆಯದು.

ಧರ್ಮಕೇಂದ್ರದಲ್ಲಿ ನಡೆಸಬೇಕಾದದ್ದು ಎರಡನೆಯದನ್ನು. ‘ಫಾದರ್, ಜನ ತುಂಬಾ ಇದ್ದಾರೆ, ಎಲ್ಲರಿಗೂ ಒಟ್ಟಿಗೆ ಕೊಟ್ಟುಬಿಡಿ’ ಅಂತ ಕೇಳುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ. ಅದು ಆಗದ ಮಾತು. ಸಾವು ಎದುರಿಗಿದ್ದು ಒಬ್ಬೊಬ್ಬರದನ್ನೂ ಕೇಳಲು ಸಮಯವಿಲ್ಲದಿದ್ದಾಗ, ಇಲ್ಲವೇ ಗುರುಗಳ ಕೊರತೆಯಿಂದ ಜನ ಬಹಳ ಕಾಲ ಸಂಸ್ಕಾರವಿಲ್ಲದೆ ಉಳಿಯಬೇಕಾದಂಥ ಗಂಭೀರ ಅಗತ್ಯವಿದ್ದಾಗ ಮಾತ್ರ ಅದಕ್ಕೆ ಅವಕಾಶ. ಅಂಥ ಅಗತ್ಯ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವವರು ಧರ್ಮಾಧ್ಯಕ್ಷರು (ಬಿಷಪ್). ಹಬ್ಬಕ್ಕೋ ಯಾತ್ರೆಗೋ ಜನ ಸೇರಿದ್ದಾರೆ ಅನ್ನುವುದಷ್ಟೇ ಸಾಲದು ಅಂತ ಕಥೋಲಿಕ ಸಭೆಯ (ಚರ್ಚಿನ) ಕಾನೂನಿನ 961ನೇ ವಿಧಿ ಬಿಡಿಸಿ ಹೇಳುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಹಬ್ಬಿದಾಗ, ಸಾಯುವ ಸ್ಥಿತಿಯಲ್ಲಿರುವ ರೋಗಿಗಳಿಗೆ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲೇ ನಿಂತು ಹೀಗೆ ಕ್ಷಮೆ ಕೊಡಬಹುದು ಎಂದು ವ್ಯಾಟಿಕನ್ ಹೇಳಿತ್ತು. ಅಂಥ ಹೊತ್ತಿಗಾಗಿ ಇರುವ ವಿಧಿ ಅದು. ಹಾಗೆ ಕ್ಷಮೆ ಪಡೆದವರೂ ಗಂಭೀರ ಪಾಪಗಳನ್ನು ಆಮೇಲೆ ಅವಕಾಶ ಸಿಕ್ಕಾಗ ಒಬ್ಬರೇ ಹೋಗಿ ಹೇಳಬೇಕು.

ದಿನ ಮತ್ತು ಲೆಕ್ಕ

ತಪಸ್ಸುಕಾಲದ ನಾಲ್ಕನೇ ಭಾನುವಾರದ ಹಿಂದಿನ ಶುಕ್ರವಾರ ಒಳ್ಳೆಯ ದಿನ. ಪೋಪ್ ಫ್ರಾನ್ಸಿಸ್ 2014ರಲ್ಲಿ ಶುರು ಮಾಡಿದ ‘ಪ್ರಭುವಿಗಾಗಿ 24 ಗಂಟೆ’ ಎಂಬ ಪ್ರಾರ್ಥನೆ, ಪಾಪನಿವೇದನೆಯ ಕಾರ್ಯಕ್ರಮ ನಡೆಯುವುದು ಆ ಶುಕ್ರವಾರ ಮತ್ತು ಶನಿವಾರ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರಕ್ಕೆ ಮುಂದೂಡಬೇಡಿ. ಆಗ ಯಾವ ಗುರುಗಳಿಗೂ ಬಿಡುವಿರುವುದಿಲ್ಲ. ಕ್ರಿಸ್ಮಸ್‌ಗೆ ಮುಂಚೆ ಆಗಮನ ಕಾಲದಲ್ಲಿ ಇನ್ನೊಂದು ಸಲ ಮಾಡಬಹುದು.

ಈಗ ಲೆಕ್ಕ. ಒಬ್ಬರಿಗೆ 3 ನಿಮಿಷ ಅಂತ ಹಿಡಿಯಿರಿ. 120 ಜನ ಬಂದರೆ 360 ನಿಮಿಷ. 2 ಗುರುಗಳಿದ್ದರೆ 3 ಗಂಟೆ ಬೇಕು, 6 ಜನರಿದ್ದರೆ 1 ಗಂಟೆ ಸಾಕು. ಆದ್ದರಿಂದ ಅಕ್ಕಪಕ್ಕದ ಧರ್ಮಕೇಂದ್ರಗಳ ಗುರುಗಳನ್ನು ಕರೆಯಲೇಬೇಕು. ಒಂದೂವರೆ ತಿಂಗಳ ಮುಂಚೆ ಕೇಳಿ. ಈ ಶುಕ್ರವಾರ ಅವರು ನಮ್ಮಲ್ಲಿಗೆ, ಮುಂದಿನ ಶುಕ್ರವಾರ ನಮ್ಮ ಗುರುಗಳು ಅವರಲ್ಲಿಗೆ. ನಮ್ಮೂರ ಮುಯ್ಯಾಳಿನ ಲೆಕ್ಕವೇ ಇದು.

ಹೊರಗಿನ ಗುರುಗಳನ್ನು ಕರೆಸುವುದಕ್ಕೆ ಇನ್ನೊಂದು ಕಾರಣವೂ ಇದೆ. ದಿನಾ ಬೆಳಿಗ್ಗೆ ಹಾಲಿನ ಅಂಗಡಿ ಹತ್ತಿರ ಸಿಗುವ ಫಾದರ್ ಮುಂದೆ ಕೆಲವು ಮಾತು ಹೇಳಲು ನಾಲಿಗೆ ಏಳುವುದಿಲ್ಲ. ಮುಖಪರಿಚಯ ಇಲ್ಲದವರ ಮುಂದೆ ಹತ್ತು ವರ್ಷದ ಗಂಟು ಬಿಚ್ಚಿಕೊಂಡವರುಂಟು.

ಜಾಗ: ಕಾಣಬೇಕು, ಕೇಳಬಾರದು

ಗುರುಗಳ ಕುರ್ಚಿಗಳನ್ನು ಪೀಠದ ಮುಂದೆ ಸಾಲಾಗಿ ಹಾಕುವ ತಪ್ಪು ನಾವೂ ಮಾಡಿದ್ದೇವೆ. ಪಕ್ಕದ ಕುರ್ಚಿಯ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ದೇವಾಲಯದ ನಾಲ್ಕು ಮೂಲೆ, ಪಕ್ಕದ ಪೀಠಗಳು, ಸಂತ ಅಂತೋಣಿಯವರ ಪ್ರತಿಮೆಯ ಕೆಳಗೆ, ಹೊರಗಿನ ಲೂರ್ದು ಮಾತೆಯ ಗವಿಯ ಹತ್ತಿರ, ಹೀಗೆ ಹಂಚಿ. ಒಂದು ಕುರ್ಚಿ ಮತ್ತು ಅದರ ಸಾಲಿನ ನಡುವೆ ಹತ್ತು ಹೆಜ್ಜೆ ಅಂತರವಿರಲಿ. ಬಂದವರು ಗುರುಗಳ ಎದುರಿಗಲ್ಲ, ಪಕ್ಕಕ್ಕೆ ಕೂರುವ ಹಾಗೆ ಕುರ್ಚಿ ತಿರುಗಿಸಿಡಿ. ಮುಖ ಕಾಣದಂತೆ ಹೇಳಬೇಕು ಅನ್ನುವವರಿಗೆ ಜಾಲರಿ ಇರುವ ಪೀಠ ಒಂದಾದರೂ ತೆರೆದಿರಬೇಕು. ಅದು ಅವರ ಹಕ್ಕು. ಮಂಡಿ ನೋವಿನವರಿಗೆ ಕೈಹಿಡಿ ಇರುವ ಗಟ್ಟಿ ಕುರ್ಚಿ ಬೇಕು. ಪ್ಲಾಸ್ಟಿಕ್ ಸ್ಟೂಲ್ ಇಡಬೇಡಿ, ಅಜ್ಜಂದಿರು ಬೀಳುತ್ತಾರೆ.

ಪ್ರತಿ ಕುರ್ಚಿಯ ಹತ್ತಿರ ಒಂದು ರಟ್ಟಿನ ಫಲಕ ತೂಗುಹಾಕಿ: ಕನ್ನಡ, ತಮಿಳು, ಕೊಂಕಣಿ, ಇಂಗ್ಲಿಷ್. ಬೆಂಗಳೂರು, ಮೈಸೂರು, ಚಿಕ್ಕಮಗಳೂರಿನ ಕಡೆ ಇದು ಬೇಕೇ ಬೇಕು. ಪೂಜೆ ಯಾವ ಭಾಷೆಯಲ್ಲಾದರೂ ಕೇಳಬಹುದು, ಪಾಪ ಮಾತ್ರ ಮನೆ ಭಾಷೆಯಲ್ಲೇ ಬಾಯಿಗೆ ಬರುವುದು.

ಮೈಕ್ ವಿಷಯ. ಒಂದು ಧರ್ಮಕೇಂದ್ರದಲ್ಲಿ ನನ್ನ ಕಣ್ಣೆದುರೇ ನಡೆದದ್ದು. ಪ್ರಬೋಧನೆ (ಪ್ರವಚನ) ಮುಗಿಸಿದ ಗುರುಗಳು ನೇರ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತರು. ಕಾಲರ್ ಮೈಕ್ ಕಾಲರಿನಲ್ಲೇ ಇತ್ತು. ಹಾಡು ನಿಂತ ಕ್ಷಣ ಇಡೀ ದೇವಾಲಯಕ್ಕೆ ಸ್ಪಷ್ಟವಾಗಿ ಕೇಳಿತು: ‘ಹೇಳಮ್ಮ, ಹೆದರಬೇಡ.’ ಆಂಪ್ಲಿಫೈಯರ್ ಹತ್ತಿರ ಕೂತಿದ್ದ ಹುಡುಗ ಗುಂಡಿ ಹುಡುಕುವ ಬದಲು ವೈರನ್ನೇ ಕಿತ್ತ. ಆ ಹೆಂಗಸು ಬಾಯಿ ತೆರೆದಿರಲಿಲ್ಲ, ಬದುಕಿದೆವು. ಅವತ್ತಿನಿಂದ ನಮ್ಮ ಪಟ್ಟಿಯಲ್ಲಿ ದೊಡ್ಡ ಅಕ್ಷರದ ಒಂದು ಸಾಲಿದೆ: ಪ್ರಬೋಧನೆ ಮುಗಿದ ಕೂಡಲೇ ಒಬ್ಬರು ಹೋಗಿ ಕಾಲರ್ ಮೈಕ್ ಕೈಗೆ ತೆಗೆದುಕೊಂಡು ಬರಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು.

ಸಂಜೆಯ ಕ್ರಮ

ಆರು ಗಂಟೆಗೆ ಪ್ರವೇಶ ಗೀತೆ. ಗುರುಗಳು ವಂದಿಸಿ ಪ್ರಾರ್ಥನೆ ಮಾಡುತ್ತಾರೆ. ಆಮೇಲೆ ವಾಚನ. ಒಂದೇ ವಾಚನ ಇಟ್ಟರೂ ವಿಧಿಗೆ ಸಾಕು. ನಾವು ಯೆಜೆಕಿಯೇಲನ 36ನೇ ಅಧ್ಯಾಯ (ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುವ ಭಾಗ), 51ನೇ ಕೀರ್ತನೆ, ಶುಭಸಂದೇಶಕ್ಕೆ ಮಾರ್ಕ 2 ಅಥವಾ ಲೂಕ 15, ಹೀಗೆ ಇಟ್ಟುಕೊಳ್ಳುತ್ತೇವೆ. ದಾರಿ ತಪ್ಪಿದ ಮಗನ ಕತೆ ಓದಿದ ವರ್ಷ ಮನೆ ಬಿಟ್ಟ ಮಗನ ಬಗ್ಗೆ ಅಳುವವರು ಜಾಸ್ತಿ. ಹೊಲದಿಂದ ಬಂದು ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತ ದೊಡ್ಡ ಮಗನ ಬಗ್ಗೆ ಯಾರೂ ಯೋಚಿಸುವುದಿಲ್ಲ. ನಮ್ಮಲ್ಲಿ ಬಹಳ ಜನ ಇರುವುದು ಅವನ ಜಾಗದಲ್ಲಿ.

ಪ್ರಬೋಧನೆ 8 ನಿಮಿಷ ದಾಟದಂತೆ ಮೊದಲೇ ವಿನಂತಿಸಿಕೊಳ್ಳಿ. ಹೊರಗಿನಿಂದ ಬಂದ ಗುರುಗಳು ಕಾಯುತ್ತಿರುತ್ತಾರೆ.

ಈ ಸಂಜೆಯ ನಿಜವಾದ ಕೆಲಸ ನಡೆಯುವುದು ಆತ್ಮಪರಿಶೀಲನೆಯಲ್ಲಿ. ಬಹಳ ಕಡೆ ಇದನ್ನು ಹಳೆಯ ಪುಸ್ತಕದಿಂದ ಗಡಗಡ ಓದಿ ಮುಗಿಸುತ್ತಾರೆ. ‘ಕೊಲೆ ಮಾಡಿದ್ದೇನೆಯೇ? ಕದ್ದಿದ್ದೇನೆಯೇ?’ ಎಲ್ಲರೂ ಮನಸ್ಸಿನಲ್ಲೇ ಇಲ್ಲ, ಇಲ್ಲ ಅಂದುಕೊಂಡು ಆರಾಮಾಗಿ ಕೂರುತ್ತಾರೆ. ಪ್ರಶ್ನೆಗಳು ನಮ್ಮ ಬೀದಿಯವಾಗಿರಬೇಕು. ನಾವು ಬರೆದುಕೊಂಡ ಕೆಲವು ಇಲ್ಲಿವೆ, ಬೇಕಿದ್ದರೆ ಬಳಸಿಕೊಳ್ಳಿ:

– ಆಸ್ತಿ ಭಾಗದ ಜಗಳದಲ್ಲಿ ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟು ಎಷ್ಟು ವರ್ಷವಾಯಿತು? ಸುಳ್ಳು ಸಹಿ, ಸುಳ್ಳು ಸಾಕ್ಷಿ ನನ್ನದಿದೆಯಾ?
– ಮನೆಗೆಲಸದವರಿಗೆ ಬೇರೆ ಲೋಟ ಇಟ್ಟಿದ್ದೇನಾ? ಸಂಬಳ ತಡ ಮಾಡಿದ್ದೇನಾ?
– ಮದುವೆ ಮಾತುಕತೆಯಲ್ಲಿ ಜಾತಿ ಕೇಳಿದೆನಾ? ‘ಉಡುಗೊರೆ’ ಅಂತ ಹೇಳಿ ವರದಕ್ಷಿಣೆ ತಗೊಂಡೆನಾ?
– ಕುಡಿದು ಬಂದ ರಾತ್ರಿ ಮಕ್ಕಳ ಮುಖದಲ್ಲಿ ಏನಿತ್ತು?
– ಸುಳ್ಳು ಅಂತ ಗೊತ್ತಿದ್ದೂ ವಾಟ್ಸಾಪ್‌ನಲ್ಲಿ ಯಾರ ಮಾನ ಕಳೆದೆ?
– ಚೀಟಿ ದುಡ್ಡು, ಸಂಘದ ದುಡ್ಡು, ಚರ್ಚಿನ ದುಡ್ಡು ನನ್ನ ಕೈಯಲ್ಲಿ ಸರಿಯಾಗಿತ್ತಾ?
– ವಯಸ್ಸಾದ ಅಪ್ಪ ಅಮ್ಮನಿಗೆ ಫೋನ್ ಮಾಡಿ ಎಷ್ಟು ದಿನವಾಯಿತು?
– ಭಾನುವಾರ ಪೂಜೆಯಲ್ಲಿ ಶಾಂತಿಯ ಗುರುತು ಕೊಡುವಾಗ ಯಾರ ಕಡೆ ಬೇಕಂತಲೇ ತಿರುಗಲಿಲ್ಲ?

ಒಂದು ಪ್ರಶ್ನೆ ಓದಿ, ಹತ್ತರವರೆಗೆ ಮನಸ್ಸಿನಲ್ಲೇ ಎಣಿಸಿ, ಆಮೇಲೆ ಮುಂದಿನದು. ಎಲ್ಲ ಮುಗಿದ ಮೇಲೆ ಎರಡು ನಿಮಿಷ ಪೂರ್ತಿ ಮೌನ. ಕೀಬೋರ್ಡ್ ಬೇಡ. ಎರಡು ನಿಮಿಷ ಅಂದರೆ ತುಂಬಾ ಉದ್ದ ಅನ್ನಿಸುತ್ತದೆ. ಫ್ಯಾನಿನ ಕಿರಗುಟ್ಟುವ ಸದ್ದು, ಯಾರದೋ ಕೆಮ್ಮು, ಹೊರಗೆ ಆಟೋ ಹಾರ್ನ್, ಎಲ್ಲ ಕೇಳುತ್ತದೆ. ಕೇಳಲಿ. ಗಾಯನ ವೃಂದದವರಿಗೆ ಆ ಹೊತ್ತಿನಲ್ಲಿ ಕೈ ತುರಿಸುತ್ತದೆ, ತಡೆಯಿರಿ.

ಬಳಿಕ ಎಲ್ಲರೂ ಮೊಣಕಾಲೂರಿ ಅಥವಾ ತಲೆ ಬಾಗಿಸಿ, ದೇವರ ಮುಂದೆಯೂ ಸಹೋದರ ಸಹೋದರಿಯರ ಮುಂದೆಯೂ ತಪ್ಪೊಪ್ಪಿಕೊಳ್ಳುವ ಪ್ರಾರ್ಥನೆ ಹೇಳುತ್ತಾರೆ. ಎದ್ದು ನಿಂತು ಬಿನ್ನಹಗಳ ಮಾಲೆ ಅಥವಾ ಗೀತೆ. ಕೊನೆಗೆ ಯೇಸು ಕಲಿಸಿದ ಪ್ರಾರ್ಥನೆ. ಇದನ್ನು ಮಾತ್ರ ಯಾವ ಕಾರಣಕ್ಕೂ ಬಿಡುವ ಹಾಗಿಲ್ಲ. ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸಿ ಅನ್ನುವ ಷರತ್ತು ಅದರೊಳಗೇ ಇದೆಯಲ್ಲ. ಗುರುಗಳ ಮುಕ್ತಾಯದ ಪ್ರಾರ್ಥನೆಯಾದ ಮೇಲೆ ಒಬ್ಬೊಬ್ಬರ ಪಾಪನಿವೇದನೆ ಶುರು.

ಕ್ರಮ ಮರೆತವರಿಗೆ

ಇಪ್ಪತ್ತು ವರ್ಷದಿಂದ ಬಾರದವರು ಇಂಥ ಸಂಜೆಗಳಲ್ಲೇ ಬರುವುದು. ಅವರಿಗೆ ಕ್ರಮವೇ ಮರೆತಿರುತ್ತದೆ, ಕೇಳಲು ನಾಚಿಕೆ. ಅಂಗೈ ಅಗಲದ ಒಂದು ಚೀಟಿ ಅಚ್ಚು ಹಾಕಿಸಿ ಬೆಂಚಿನ ಮೇಲಿಡಿ. ಅದರಲ್ಲಿ ಇಷ್ಟು ಸಾಕು: ಶಿಲುಬೆ ಗುರುತು ಹಾಕಿ. ಕೊನೆಯ ಪಾಪನಿವೇದನೆ ಮಾಡಿ ಎಷ್ಟು ಕಾಲವಾಯಿತು ಅಂತ ಹೇಳಿ. ಗಂಭೀರ ಪಾಪಗಳನ್ನು ಯಾವುದು, ಸುಮಾರು ಎಷ್ಟು ಸಲ ಅಂತ ಸುತ್ತಿ ಬಳಸದೆ ಹೇಳಿ. ಪಶ್ಚಾತ್ತಾಪದ ಪ್ರಾರ್ಥನೆ ಬಾರದಿದ್ದರೆ ಸ್ವಂತ ಮಾತಿನಲ್ಲಿ ಕ್ಷಮೆ ಕೇಳಿ. ಗುರುಗಳು ಹೇಳುವ ಪ್ರಾಯಶ್ಚಿತ್ತ ಕೇಳಿಸಿಕೊಳ್ಳಿ. ಪಾಪವಿಮೋಚನೆಯ ಮಾತಿಗೆ ‘ಆಮೆನ್’ ಅನ್ನಿ.

ಜೊತೆಗೆ ಒಂದು ಕಿವಿಮಾತು. ನಿಮ್ಮ ಪಾಪ ಮಾತ್ರ ಹೇಳಿ. ಅತ್ತೆಯ ಪಾಪ, ಸೊಸೆಯ ಪಾಪ, ಎದುರು ಮನೆಯವರ ಪಾಪ ಹೇಳಲು ಅವರಿಗೇ ಬಾಯಿದೆ.

ಗುರುಗಳು ಕೇಳಿದ್ದನ್ನು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಪೊಲೀಸರು ಕೇಳಿದರೂ ಇಲ್ಲ, ಪ್ರಾಣ ಹೋದರೂ ಇಲ್ಲ. ಈ ಗುಟ್ಟನ್ನು ನೇರವಾಗಿ ಒಡೆದ ಗುರುವಿಗೆ ತಾನಾಗಿಯೇ ಬಹಿಷ್ಕಾರದ ಶಿಕ್ಷೆ ಬೀಳುತ್ತದೆ. ಇದನ್ನು ಸಂಜೆಯ ಶುರುವಿನಲ್ಲಿ ಒಮ್ಮೆ ಮೈಕಿನಲ್ಲಿ ಹೇಳಿಸಿ. ಹಳಬರಿಗೆ ಗೊತ್ತಿರುತ್ತದೆ, ಹದಿನೆಂಟರ ಹುಡುಗರಿಗೆ ಗೊತ್ತಿರುವುದಿಲ್ಲ.

ಮದುವೆಯ ತೊಡಕಿನಿಂದಲೋ ಬೇರೆ ಕಾರಣದಿಂದಲೋ ತಮಗೆ ಪಾಪವಿಮೋಚನೆ ಸಿಗುವುದಿಲ್ಲ ಅಂತ ದೂರ ನಿಲ್ಲುವವರು ಇರುತ್ತಾರೆ. ಅವರೂ ಹೋಗಿ ಗುರುಗಳ ಹತ್ತಿರ ಮಾತಾಡಲಿ, ಆಶೀರ್ವಾದ ಪಡೆಯಲಿ. ಸಾಲಿನಲ್ಲಿ ಯಾರು ನಿಂತರು, ಎಷ್ಟು ಹೊತ್ತು ಕೂತರು ಅಂತ ನೋಡುವ ಕೆಲಸ ಸ್ವಯಂಸೇವಕರದ್ದಲ್ಲ. ಅವರು ಸಾಲಿಗೆ ಬೆನ್ನು ಹಾಕಿ ನಿಂತರೂ ಆದೀತು.

ಎಲ್ಲರೂ ಕೊನೆಯವರೆಗೆ ಇರಬೇಕಾ?

ವಿಧಿಯ ಪ್ರಕಾರ ಹೌದು. ಪಾಪನಿವೇದನೆಗಳೆಲ್ಲ ಮುಗಿದ ಮೇಲೆ ಗುರುಗಳು ಮತ್ತೆ ಪೀಠದ ಬಳಿ ಸೇರಿ, ಎಲ್ಲರೂ ದೇವರ ದಯೆಯನ್ನು ಹೊಗಳಿ ಹಾಡಿ, ಆಶೀರ್ವಾದ ಪಡೆದು ಹೊರಡಬೇಕು. ನಿಜ ಹೇಳಬೇಕೆಂದರೆ ಮೊದಲು ಮುಗಿಸಿದವರು ಚಪ್ಪಲಿ ಹುಡುಕುತ್ತಿರುತ್ತಾರೆ. ಹಾಗಾದಾಗ ಕೊನೆಯ ಹಾಡಿಗೆ ಉಳಿಯುವುದು ಹದಿನೈದು ಜನ. ಪಾಪ ಹೇಳುವಾಗ ಜೊತೆಗಿದ್ದವರು ಕ್ಷಮೆ ಸಿಕ್ಕ ಸಂತೋಷಕ್ಕೆ ಇಲ್ಲ ಅಂದರೆ ಸಾಮೂಹಿಕ ಅನ್ನುವ ಮಾತಿಗೆ ಅರ್ಥವೇನು?

ನಮಗೆ ಕೆಲಸಕ್ಕೆ ಬಂದ ಉಪಾಯ ಇದು. ಗುರುಗಳ ಸಂಖ್ಯೆ ಜಾಸ್ತಿ ಮಾಡಿ ಕಾಯುವ ಸಮಯ ಒಂದು ಗಂಟೆಯೊಳಗೆ ತಂದೆವು. ಆ ಗಂಟೆಯಲ್ಲಿ ಮೆಲುದನಿಯ ಹಾಡು, ಒಂದೊಂದು ಕೀರ್ತನೆಯ ಓದು, ಮತ್ತೆ ಮೌನ. ಬಾಗಿಲಲ್ಲಿ ಕೊನೆಯ ಬಸ್ಸಿನ ಸಮಯ ಬರೆದು ಹಾಕಿದೆವು, ಬಸ್ಸಿನವರಿಗೆ ಸಾಲಿನಲ್ಲಿ ಮೊದಲ ಜಾಗ. ಹೊರಗೆ ಶುಂಠಿ ಕಾಫಿ ಇದೆ, ಕೊನೆಯ ಆಶೀರ್ವಾದದ ನಂತರ ಅಂತ ಪ್ರಕಟಿಸಿದೆವು. ಹೆಚ್ಚು ಜನರನ್ನು ಉಳಿಸಿದ್ದು ಕಾಫಿಯೇ ಇರಬೇಕು.

ಒಬ್ಬರನ್ನೊಬ್ಬರು ಕ್ಷಮಿಸುವ ಮಾತು

ದೇವರ ಹತ್ತಿರ ಕ್ಷಮೆ ಕೇಳುವುದು ಸುಲಭ. ಮೂರನೇ ಬೆಂಚಿನಲ್ಲಿ ಕೂತಿರುವ ಭಾವಮೈದುನನ ಹತ್ತಿರ ಕೇಳುವುದೇ ಕಷ್ಟ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ರಾಜಿಯಾಗು ಅನ್ನುವ ಮಾತು ಮತ್ತಾಯನ 5ನೇ ಅಧ್ಯಾಯದಲ್ಲಿದೆ. ಆದರೆ ‘ಈಗಲೇ ಎದ್ದು ಹೋಗಿ ನಿಮ್ಮ ಶತ್ರುವನ್ನು ಅಪ್ಪಿಕೊಳ್ಳಿ’ ಅಂತ ಮೈಕಿನಲ್ಲಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ನಾಲ್ಕು ಜನರ ಮುಂದೆ ಅಪ್ಪಿಕೊಂಡವರು ಗೇಟು ದಾಟಿದ ಮೇಲೆ ಮುಖ ತಿರುಗಿಸುವುದನ್ನು ನೋಡಿದ್ದೇನೆ. ಶಾಂತಿಯ ಗುರುತು ಸಾಕು. ಯಾರಿಗಾದರೂ ಮಾತಾಡಬೇಕಿದ್ದರೆ ಪಕ್ಕದ ಕೋಣೆಯಲ್ಲಿ ಎರಡು ಕುರ್ಚಿ ಇರಲಿ.

ಇನ್ನೊಂದು ಎಚ್ಚರ. ಹೊಡೆತ ತಿನ್ನುವ ಹೆಂಗಸಿಗೆ ‘ಕ್ಷಮಿಸಿಬಿಡು, ಮನೆಗೆ ಹೋಗು’ ಅನ್ನಬೇಡಿ. ಕ್ಷಮಿಸುವುದೂ ಹೊಡೆಯುವವನ ಮನೆಗೆ ಮರಳುವುದೂ ಬೇರೆ ಬೇರೆ. ಮಹಿಳಾ ಸಹಾಯವಾಣಿ 181 ಅನ್ನು ಸೂಚನಾ ಫಲಕದಲ್ಲಿ ಕಾಣುವ ಹಾಗೆ ಹಾಕಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಸಮಿತಿಯವರಿಗೋ ಉಪದೇಶಿಗೋ ತಿಳಿದರೆ, ಅದನ್ನು ಪ್ರಾರ್ಥನೆಯಲ್ಲಿ ಮುಚ್ಚಿಹಾಕುವ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ದೂರು ಕೊಡುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಒಂದು ಸಮುದಾಯವಾಗಿ ಮಾಡಿದ ತಪ್ಪುಗಳೂ ಇರುತ್ತವೆ. 2000ದ ಮಾರ್ಚ್ 12ರಂದು ಪೋಪ್ ಎರಡನೇ ಜಾನ್ ಪಾಲ್ ಸಂತ ಪೇತ್ರರ ಮಹಾದೇವಾಲಯದಲ್ಲಿ ಸಭೆಯ ಮಕ್ಕಳು ಮಾಡಿದ ತಪ್ಪುಗಳಿಗಾಗಿ ದೇವರ ಕ್ಷಮೆ ಕೇಳಿದರು. ಏಳು ತಪ್ಪೊಪ್ಪಿಗೆ, ಒಂದೊಂದಕ್ಕೂ ಶಿಲುಬೆಯ ಮುಂದೆ ಒಂದೊಂದು ದೀಪ. ಭಾರತದ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತರ ಬಗ್ಗೆ ನೀತಿಯೊಂದನ್ನು ಹೊರತಂದು, ಸಭೆಯೊಳಗೇ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿತು. ನಿಮ್ಮೂರ ಸ್ಮಶಾನದಲ್ಲಿ ಗೋಡೆ ಇದೆಯಾ, ತೇರು ಎಲ್ಲ ಕೇರಿಗೂ ಹೋಗುತ್ತದಾ, ಇದನ್ನು ‘ನಾನು’ ಅನ್ನದೆ ‘ನಾವು’ ಅಂತ ಹೇಳಿ ಒಪ್ಪಿಕೊಳ್ಳುವ ಒಂದು ಬಿನ್ನಹ ಆ ಸಂಜೆ ಇರಲಿ. ಬರೆಯುವಾಗ ಸಮಿತಿಯಲ್ಲಿ ಜಗಳವಾಗುತ್ತದೆ. ಆಗಲಿ.

ರೋಗಿಗಳ ಅಭ್ಯಂಗ: ಇನ್ನೊಂದು ದಿನ

ಪಾಪಕ್ಷಮೆಯ ಆರಾಧನೆ, ಕಾಯಿಲೆಯವರಿಗೆ ತೈಲ ಹಚ್ಚಿ ಪ್ರಾರ್ಥಿಸುವ ಈ ಸಂಸ್ಕಾರ, ಎರಡನ್ನೂ ಒಂದೇ ಸಂಜೆಗೆ ತುರುಕಬೇಡಿ. ರೋಗಿಗಳಿಗೆ ಅಷ್ಟು ಹೊತ್ತು ಕೂರಲಾಗದು. ಲೂರ್ದು ಮಾತೆಯ ಹಬ್ಬವಾದ ಫೆಬ್ರವರಿ 11 ವಿಶ್ವ ರೋಗಿಗಳ ದಿನ. ಎರಡನೇ ಜಾನ್ ಪಾಲ್ 1992ರಲ್ಲಿ ಘೋಷಿಸಿದ್ದು, 1993ರಿಂದ ಆಚರಣೆಯಲ್ಲಿದೆ. ಅವತ್ತು ಅಥವಾ ಹತ್ತಿರದ ದಿನ, ಬೆಳಿಗ್ಗೆ ಹತ್ತೂವರೆಗೆ ಇಟ್ಟುಕೊಳ್ಳಿ. ಸಾಮೂಹಿಕ ಅಭ್ಯಂಗಕ್ಕೆ ನಿಮ್ಮ ಧರ್ಮಕ್ಷೇತ್ರದ (ಧರ್ಮಾಧ್ಯಕ್ಷರ ಆಡಳಿತದ ಪ್ರದೇಶದ) ನಿಯಮ ಏನೆಂದು ಗುರುಗಳು ಮೊದಲೇ ವಿಚಾರಿಸಿರಲಿ.

ಅಭ್ಯಂಗ ಅಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಯುಗಾದಿಯ ಎಣ್ಣೆಸ್ನಾನ. ನಮ್ಮ ಹಿರಿಯರಿಗೆ ನೆನಪಾಗುವುದು ಸಾವು. ಮೊದಲು ಅದನ್ನು ಅಂತ್ಯಾಭ್ಯಂಗ ಅಂತಲೇ ಕರೆಯುತ್ತಿದ್ದರು. ಪಕ್ಕದ ಮನೆಗೆ ಫಾದರ್ ತೈಲ ತಗೊಂಡು ಹೋದರು ಅಂದರೆ ಶವಪೆಟ್ಟಿಗೆಯವರಿಗೂ ಸುದ್ದಿ ಹೋಗುತ್ತಿತ್ತು. ರೋಗಿಗಳ ಅಭ್ಯಂಗ ಅನ್ನುವ ಹೆಸರೇ ಹೆಚ್ಚು ಸರಿ ಅಂತ 1963ರಲ್ಲಿ ವ್ಯಾಟಿಕನ್ ಸಭೆ ಹೇಳಿತು. 1972ರ ನವೆಂಬರ್ 30ರಂದು ಪೋಪ್ ಆರನೇ ಪಾಲ್ ವಿಧಿಯನ್ನೂ ಬದಲಿಸಿದರು. ಹಿಂದೆ ಕಣ್ಣು, ಕಿವಿ, ಮೂಗು, ಬಾಯಿ, ಕೈ, ಕಾಲು ಎಲ್ಲಕ್ಕೂ ಹಚ್ಚುತ್ತಿದ್ದರು. ಈಗ ಹಣೆಗೆ ಮತ್ತು ಕೈಗಳಿಗೆ.

ಯಾರು ಪಡೆಯಬಹುದು? ಗಂಭೀರ ಕಾಯಿಲೆಯವರು, ಅಂಥ ಕಾಯಿಲೆಗೆ ಆಪರೇಷನ್ ಆಗಬೇಕಿರುವವರು, ದೊಡ್ಡ ಕಾಯಿಲೆ ಇಲ್ಲದಿದ್ದರೂ ವಯಸ್ಸಿನಿಂದ ಬಳಲಿದವರು, ತಿಳಿವಳಿಕೆ ಬಂದ ವಯಸ್ಸಿನ ಕಾಯಿಲೆಯ ಮಕ್ಕಳು. ಒಮ್ಮೆ ಪಡೆದು ಗುಣವಾಗಿ ಮತ್ತೆ ಬಿದ್ದರೆ, ಅಥವಾ ಅದೇ ಕಾಯಿಲೆ ಉಲ್ಬಣಿಸಿದರೆ, ಮತ್ತೆ ಪಡೆಯಬಹುದು. ನೆಗಡಿ, ಹಲ್ಲುನೋವು, ‘ಸುಮ್ನೆ ಒಳ್ಳೇದಾಗ್ಲಿ’ ಅಂತ ಸಾಲಿನಲ್ಲಿ ನಿಲ್ಲುವುದು, ಇದಕ್ಕಲ್ಲ. ಹಾಗೆ ಬಂದವರಿಗೆ ಕೊನೆಯಲ್ಲಿ ಸಾಮಾನ್ಯ ಆಶೀರ್ವಾದ ಇಡಿ. ಹಿಂದೂ, ಮುಸ್ಲಿಂ ನೆರೆಯವರೂ ಬರುತ್ತಾರೆ. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಹೋಗಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರನ್ನೂ ಪ್ರೀತಿಯಿಂದ ಕೂರಿಸಿ. ತೈಲದ ಸಂಸ್ಕಾರ ಅವರಿಗಿಲ್ಲ, ಆಶೀರ್ವಾದವಿದೆ.

ಎರಡು ವಾರ ಮುಂಚೆ ವಾರ್ಡುವಾರು ಪಟ್ಟಿ ಮಾಡಿ. ಹೆಸರು, ನಡೆಯಬಲ್ಲರೋ ಗಾಲಿಕುರ್ಚಿ ಬೇಕೋ, ಜೊತೆಗೆ ಯಾರು ಬರುತ್ತಾರೆ, ಅಷ್ಟೇ. ಕಾಯಿಲೆಯ ಹೆಸರು ಬರೆಯಬೇಡಿ, ಆ ಪಟ್ಟಿ ಹತ್ತು ಕೈ ದಾಟುತ್ತದೆ. ಯಾರು ಯಾವ ಆಟೋದಲ್ಲಿ ಬರಬೇಕು ಅಂತ ಹಿಂದಿನ ದಿನವೇ ನಿಶ್ಚಯವಾಗಲಿ. ಶೌಚಾಲಯದ ಹತ್ತಿರದ ಬೆಂಚುಗಳು ಅವರಿಗೆ. ಪಾಪನಿವೇದನೆ ಬೇಕೆನ್ನುವವರಿಗೆ ಒಂದು ಗಂಟೆ ಮುಂಚೆಯೇ ಗುರುಗಳು ಸಿಗಲಿ, ಬೆಂಚಿನಲ್ಲಿ ಕೂತಲ್ಲೇ ಬಂದು ಕೇಳಲಿ.

ಮುಖ್ಯವಾದ ಮಾತು: ತಿಂಡಿ, ಮಾತ್ರೆ ಬಿಟ್ಟು ಬರಬೇಡಿ ಅಂತ ಹೇಳಿ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ವೃದ್ಧರಿಗೂ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಅನ್ವಯಿಸುವುದಿಲ್ಲ. ಇದು ಗೊತ್ತಿಲ್ಲದೆ ಸಕ್ಕರೆ ಕಾಯಿಲೆಯವರು ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿ ಬಂದು ತಲೆ ಸುತ್ತಿ ಬೀಳುತ್ತಾರೆ.

ತಯಾರಿಗೆ ಬೇಕಾದದ್ದು ಸ್ವಲ್ಪವೇ. ಪ್ರತಿ ಗುರುವಿಗೂ ಒಂದು ತೈಲದ ಡಬ್ಬಿ. ಪವಿತ್ರ ವಾರದ ಹೊತ್ತಿಗೆ ಧರ್ಮಾಧ್ಯಕ್ಷರು ಆಶೀರ್ವದಿಸಿದ ರೋಗಿಗಳ ತೈಲವೇ ಅದು, ಕೊಬ್ಬರಿ ಎಣ್ಣೆ ಬಾಟಲಿಯಲ್ಲ. ಹತ್ತಿ, ಗುರುಗಳ ಬೆರಳು ಒರೆಸಲು ನಿಂಬೆಹೋಳು ಮತ್ತು ಬ್ರೆಡ್ಡಿನ ತುಂಡು, ಕೈ ತೊಳೆಯಲು ನೀರು. ಒರೆಸಿದ ಹತ್ತಿಯನ್ನು ಕಸಕ್ಕೆ ಹಾಕದೆ ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸುವುದು ರೂಢಿ.

ಪೂಜೆಯಲ್ಲಿ ಶುಭಸಂದೇಶ, ಪ್ರಬೋಧನೆ ಆದ ಮೇಲೆ ಅಭ್ಯಂಗ. ‘ನಿಮ್ಮಲ್ಲಿ ಅಸ್ವಸ್ಥನಿದ್ದಾನೆಯೇ? ಸಭೆಯ ಹಿರಿಯರನ್ನು ಕರೆಯಲಿ’ ಅನ್ನುವ ಅರ್ಥದ ಯಕೋಬನ ಪತ್ರದ 5ನೇ ಅಧ್ಯಾಯವನ್ನು ಅವತ್ತು ಓದುವುದು ಸಹಜ. ಬಿನ್ನಹಗಳಾದ ಮೇಲೆ ಗುರುಗಳು ಒಬ್ಬೊಬ್ಬರ ಬಳಿಗೂ ಬಂದು ತಲೆಯ ಮೇಲೆ ಕೈಯಿಡುತ್ತಾರೆ, ಒಂದೂ ಮಾತಿಲ್ಲದೆ. ಆ ಹೊತ್ತಿನಲ್ಲಿ ಹಾಡು ನಿಲ್ಲಿಸಿ. ನಂತರ ತೈಲದ ಮೇಲಿನ ಪ್ರಾರ್ಥನೆ, ಆಮೇಲೆ ಹಣೆಗೆ, ಕೈಗಳಿಗೆ ತೈಲ. ರೋಗಿಗಳನ್ನು ಸಾಲಿನಲ್ಲಿ ನಿಲ್ಲಿಸಬೇಡಿ, ಗುರುಗಳೇ ಅವರಿದ್ದಲ್ಲಿಗೆ ಹೋಗಲಿ. ಒಂದು ಬೆಂಚು ಬಿಟ್ಟು ಒಂದರಲ್ಲಿ ಕೂರಿಸಿದರೆ ನಡುವೆ ಓಡಾಡಬಹುದು.

ಒಂದು ವರ್ಷ ನಾನು ಹತ್ತಿಯ ತಟ್ಟೆ ಹಿಡಿದು ಗುರುಗಳ ಹಿಂದೆ ನಡೆಯುತ್ತಿದ್ದೆ. ಒಬ್ಬ ಅಜ್ಜಿ. ಬೀಡಿ ಕಟ್ಟಿ ಕಟ್ಟಿ ಬೆರಳ ತುದಿ ಸವೆದಿತ್ತು. ಹಣೆಗೆ ತೈಲ ಹಚ್ಚಿದರು, ಕೈ ಚಾಚಿ ಅಂದರು. ಅಜ್ಜಿ ಮೊದಲು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಮತ್ತೊಮ್ಮೆ ಒರೆಸಿಕೊಂಡರು. ಆಮೇಲೆ ಪ್ರಸಾದಕ್ಕೆ ಹಿಡಿದ ಹಾಗೆ ಜೋಡಿಸಿ ಹಿಡಿದರು. ನಾನು ಹತ್ತಿ ಕೊಟ್ಟರೆ ಬೇಡ ಅಂದರು. ಪೂಜೆ ಮುಗಿಯುವವರೆಗೂ ಎಣ್ಣೆ ಹಾಗೇ ಇತ್ತು.

ಈ ಸಂಸ್ಕಾರ ಕೊಡುವವರು ಗುರುಗಳು ಅಥವಾ ಧರ್ಮಾಧ್ಯಕ್ಷರು ಮಾತ್ರ. ಪ್ರಾರ್ಥನಾ ಕೂಟದವರು, ಸಿಸ್ಟರ್‌ಗಳು, ಉಪಯಾಜಕರು (ಡೀಕನ್‌ಗಳು) ಕೂಡ ರೋಗಿಗಳ ತೈಲ ಹಚ್ಚಿ ಈ ಸಂಸ್ಕಾರ ಕೊಡುವಂತಿಲ್ಲ.

ಸ್ವಸ್ಥತೆಯ ಪ್ರಾರ್ಥನಾ ಕೂಟ ಇಡುವುದಾದರೆ

ಕೇರಳದ ಮುರಿಂಗೂರಿನ ಧ್ಯಾನಕೇಂದ್ರಕ್ಕೆ ಹೋಗಿ ಬಂದವರು, ವೇಳಾಂಗಣ್ಣಿಯ ಆರೋಗ್ಯ ಮಾತೆಗೆ ಹರಕೆ ಹೊತ್ತವರು ನಮ್ಮಲ್ಲಿ ತುಂಬಾ ಜನ. ಊರಿಗೆ ಬಂದ ಮೇಲೆ ಇಲ್ಲೂ ಅಂಥದ್ದೊಂದು ಕೂಟ ಬೇಕು ಅನ್ನುತ್ತಾರೆ. ಇಡಬಹುದು. ಇದಕ್ಕೆ 2000ದ ಸೆಪ್ಟೆಂಬರ್ 14ರ ವ್ಯಾಟಿಕನ್ ಸೂಚನೆಯನ್ನು ಹತ್ತಿರ ಇಟ್ಟುಕೊಳ್ಳಿ. ಆಗ ಅದಕ್ಕೆ ಸಹಿ ಹಾಕಿದ ಕಾರ್ಡಿನಲ್ ರಾಟ್ಸಿಂಗರ್ ಮುಂದೆ ಪೋಪ್ ಹದಿನಾರನೇ ಬೆನೆಡಿಕ್ಟ್ ಆದರು. ಅದರ ತಿರುಳು ಹೀಗಿದೆ. ಸ್ವಸ್ಥತೆಗಾಗಿ ದೇವರನ್ನು ಬೇಡುವ ಹಕ್ಕು ಎಲ್ಲರಿಗೂ ಇದೆ. ಆದರೆ ಇಂಥ ಕೂಟವನ್ನು ಪೂಜೆಯೊಳಗೆ ಬೆರೆಸಬಾರದು. ವಿಶ್ವಾಸಿಗಳ ಬಿನ್ನಹಗಳಲ್ಲಿ ರೋಗಿಗಳನ್ನು ನೆನೆಯುವುದು ಬೇರೆ ಮಾತು. ನಡೆಸುವವರಲ್ಲಿ ಉನ್ಮಾದ, ನಾಟಕೀಯತೆ ಇರಕೂಡದು. ದೆವ್ವ ಬಿಡಿಸುವ ಪ್ರಾರ್ಥನೆಯನ್ನು ಇದರೊಳಗೆ ತರಕೂಡದು. ಗುಣವಾಯಿತು ಅಂತ ಸಾಕ್ಷಿ ಹೇಳುವವರಿದ್ದರೆ ವಿವರಗಳನ್ನು ಸರಿಯಾಗಿ ಬರೆದುಕೊಂಡು ಸಭೆಯ ಸಂಬಂಧಪಟ್ಟ ಅಧಿಕಾರಿಗಳಿಗೆ ಒಪ್ಪಿಸಬೇಕು.

ನನ್ನ ಅನುಭವದಲ್ಲಿ ಕೂಟ ಕೆಡುವುದು ಮೈಕಿನಿಂದ. ‘ಈಗ ಇಲ್ಲಿ ಒಬ್ಬ ಸಹೋದರಿಯ ಗಡ್ಡೆ ಕರಗುತ್ತಿದೆ’ ಅಂತ ಕೂಗುತ್ತಾರೆ. ಕೂತವರಲ್ಲಿ ಗಡ್ಡೆ ಇರುವವರು ಐದು ಜನ. ಮರುದಿನ ಅವರಲ್ಲೊಬ್ಬರು ಮಾತ್ರೆ ನಿಲ್ಲಿಸುತ್ತಾರೆ. ಫ್ರಾನ್ಸಿನ ಯಾತ್ರಾಸ್ಥಳ ಲೂರ್ದಿನಲ್ಲಿ 1858ರಿಂದ ಈಚೆಗೆ ಗುಣವಾಯಿತು ಎಂದು ಬಂದ ವರದಿಗಳು ಏಳು ಸಾವಿರಕ್ಕೂ ಹೆಚ್ಚು. ವೈದ್ಯರು ವರ್ಷಗಟ್ಟಲೆ ಪರೀಕ್ಷಿಸಿ, ಧರ್ಮಾಧ್ಯಕ್ಷರು ಅದ್ಭುತವೆಂದು ಒಪ್ಪಿದ್ದು ಎಪ್ಪತ್ತಕ್ಕೆ ಸ್ವಲ್ಪ ಮೇಲೆ, ಅಷ್ಟೇ. ಲೂರ್ದೇ ಇಷ್ಟು ನಿಧಾನಿಸುವಾಗ ನಮ್ಮ ಮೈಕಿಗೆ ಯಾಕೆ ಅವಸರ?

ಆದ್ದರಿಂದ ನಮ್ಮ ಕೂಟದಲ್ಲಿ ಮೂರೇ ಕಟ್ಟುಪಾಡು. ಯಾರ ಕಾಯಿಲೆಯನ್ನೂ ಹೆಸರು ಹಿಡಿದು ಹೇಳುವುದಿಲ್ಲ. ಮುಟ್ಟಿ ಪ್ರಾರ್ಥಿಸುವ ಮುಂಚೆ ಕೇಳುತ್ತೇವೆ. ಕೊನೆಗೆ ‘ಡಾಕ್ಟರು ಕೊಟ್ಟ ಔಷಧಿ ಬಿಡಬೇಡಿ’ ಅಂತ ಗುರುಗಳೇ ಹೇಳುತ್ತಾರೆ. ಉಳಿದಂತೆ ಜಪಸರ, ಒಂದು ವಾಚನ, ಆರಾಧನೆ, ಮೌನ. ಒಂದೂವರೆ ಗಂಟೆ.

ಮರುದಿನ

ಪಟ್ಟಿಯಲ್ಲಿದ್ದು ಬರಲಾಗದವರು ಇದ್ದೇ ಇರುತ್ತಾರೆ. ಆಟೋ ಸಿಗಲಿಲ್ಲ, ರಾತ್ರಿ ಜ್ವರ ಬಂತು, ಮಗ ರಜೆ ಹಾಕಲಿಲ್ಲ. ಸಂಜೆಯೇ ಆ ಹೆಸರುಗಳನ್ನು ಬೇರೆ ಚೀಟಿಯಲ್ಲಿ ಬರೆದು ಗುರುಗಳ ಮೇಜಿನ ಮೇಲಿಡಿ. ಪಕ್ಕದಲ್ಲಿ ಮನೆಯ ಗುರುತು: ನೀರಿನ ಟ್ಯಾಂಕ್ ಹಿಂದೆ, ಎರಡನೇ ಮಹಡಿ, ಮೆಟ್ಟಿಲು ಕಡಿದು. ಆ ವಾರದೊಳಗೆ ಗುರುಗಳು ಹೋಗುವಾಗ ವಾರ್ಡಿನವರು ಮೂವರು ನಾಲ್ವರು ಜೊತೆಗೆ ಹೋಗಿ. ಪಾಪನಿವೇದನೆಯ ಹೊತ್ತಿಗೆ ಹೊರಗೆ ಜಗುಲಿಯಲ್ಲಿ ನಿಂತಿರಿ. ಗುರುಗಳು ಕರೆದಾಗ ಒಳಗೆ ಬನ್ನಿ.